ಐಪಿ ವಿಳಾಸದ ಪಾಠ: ಒಂದು ನಿಯಮ ಬರೆಸದೆ ಮುಗಿಸಬೇಡಿ

ಗಣಕ ವಿಜ್ಞಾನ ಬೋಧನಾ ವಿಧಾನದ ಪ್ರಶಿಕ್ಷಣಾರ್ಥಿಗಳು ಮಾಡುವ ನೆಟ್‌ವರ್ಕ್ ಪಾಠದ ಪೀಠಿಕೆ ನನಗೆ ಬಾಯಿಪಾಠವಾಗಿಬಿಟ್ಟಿದೆ. "ಅಂಚೆಯಣ್ಣ ನಿಮ್ಮ ಮನೆಗೆ ಪತ್ರ ತಂದುಕೊಡಬೇಕಾದರೆ ಅವನಿಗೆ ಏನು ಗೊತ್ತಿರಬೇಕು?" ಎಂಬ ಪ್ರಶ್ನೆ. "ವಿಳಾಸ" ಎಂದು ಒಕ್ಕೊರಲಿನ ಉತ್ತರ. "ಹಾಗೆಯೇ ಕಂಪ್ಯೂಟರಿಗೂ ಒಂದು ವಿಳಾಸ ಇರುತ್ತದೆ" ಎನ್ನುತ್ತಾ ಹಲಗೆಯ ಮೇಲೆ ಶೀರ್ಷಿಕೆ ಬರೆಯುವುದು. ಮುಂದೆ 192.168.1.10 ಎಂಬ ಒಂದು ಉದಾಹರಣೆ, ಅದನ್ನು ದ್ವಿಮಾನಕ್ಕೆ ಪರಿವರ್ತಿಸುವ ಲೆಕ್ಕ, ಎ, ಬಿ, ಸಿ ವರ್ಗಗಳ ಕೋಷ್ಟಕ, ಕೊನೆಗೆ ಮೌಲ್ಯಮಾಪನಕ್ಕೆ "ಐಪಿ ವಿಳಾಸ ಎಂದರೇನು?" ಎಂಬ ಪ್ರಶ್ನೆ. ನಲವತ್ತು ನಿಮಿಷಕ್ಕೆ ಸರಿಯಾಗಿ ಪಾಠ ಮುಗಿಯುತ್ತದೆ. ವೀಕ್ಷಣಾ ನಮೂನೆಯಲ್ಲಿ ಅಂಕ ಕಡಿಮೆ ಮಾಡಲು ಕಾರಣವೇ ಸಿಗುವುದಿಲ್ಲ.

ಇಂಥದೇ ಒಂದು ಪಾಠದ ಕೊನೆಯಲ್ಲಿ ಪ್ರಶಿಕ್ಷಣಾರ್ಥಿಯ ಅನುಮತಿ ಪಡೆದು ನಾನೇ ತರಗತಿಗೆ ಒಂದು ಪ್ರಶ್ನೆ ಕೇಳಿದೆ. ಒಂದು ಯಂತ್ರದ ವಿಳಾಸ 192.168.4.20, ಇನ್ನೊಂದರದ್ದು 192.168.5.20, ಎರಡಕ್ಕೂ ಸಬ್‌ನೆಟ್ ಮಾಸ್ಕ್ 255.255.254.0. ಇವೆರಡೂ ಒಂದೇ ಜಾಲದಲ್ಲಿವೆಯೋ, ಬೇರೆ ಬೇರೆ ಜಾಲದಲ್ಲಿವೆಯೋ? ಇಡೀ ತರಗತಿ "ಬೇರೆ ಬೇರೆ" ಎಂದಿತು. ಕಾರಣ ಕೇಳಿದರೆ "ಮೂರನೆಯ ಸಂಖ್ಯೆ ಬೇರೆ ಇದೆ ಸರ್" ಎಂದರು. ನಾನು ಪ್ರಶಿಕ್ಷಣಾರ್ಥಿಯ ಕಡೆ ನೋಡಿದೆ. ಅವರೂ ತಲೆಯಾಡಿಸಿದರು. ಉತ್ತರ ತಪ್ಪು. ಅವೆರಡೂ ಒಂದೇ ಜಾಲದಲ್ಲಿವೆ. ವಿಳಾಸವನ್ನು ದ್ವಿಮಾನಕ್ಕೆ ಪರಿವರ್ತಿಸಲು ಬಂದ ಮಕ್ಕಳಿಗೆ, ಆ ಪರಿವರ್ತನೆ ಯಾತಕ್ಕಾಗಿ ಎಂಬುದು ತಿಳಿದಿರಲಿಲ್ಲ.

ಈ ಪಾಠದ ಬಗ್ಗೆ ನನ್ನ ಅಭಿಪ್ರಾಯ ಇಷ್ಟೇ: ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂಬ ಒಂದು ನಿಯಮವನ್ನು ವಿದ್ಯಾರ್ಥಿಗಳಿಂದಲೇ ಬರೆಸಿ, ಅದರ ಫಲವನ್ನು ಮೊದಲೇ ಊಹಿಸಲು ಹೇಳಿ, ಆಮೇಲೆ ಯಂತ್ರದ ಮೇಲೆ ಪರೀಕ್ಷಿಸದ ಹೊರತು ಐಪಿ ವಿಳಾಸದ ಪಾಠ ಮುಗಿದಂತಲ್ಲ. ಯುನಿಕ್ಸ್ ಮತ್ತು ಲಿನಕ್ಸ್ ಯಂತ್ರಗಳಲ್ಲಿ ಇದಕ್ಕೆ ಬೇಕಾದ ಸಾಧನ ಬಹಳ ಹಿಂದಿನಿಂದ ಇದೆ. ಅದನ್ನು ಬಳಸಲು ಅಡ್ಡಿಯಾಗಿರುವುದು ಲ್ಯಾಬಿನ ಕೊರತೆಗಿಂತ ಹೆಚ್ಚಾಗಿ ನಮ್ಮ ವೀಕ್ಷಣಾ ಪದ್ಧತಿ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಅಂಚೆಯಣ್ಣನ ಬದಲು ಎಸ್‌ಟಿಡಿ ಕೋಡ್

ಮೊದಲಿಗೆ ಹೋಲಿಕೆಯ ವಿಷಯ. ಅಂಚೆ ವಿಳಾಸದ ಹೋಲಿಕೆ ಸುಳ್ಳಲ್ಲ. ಆದರೆ ಅದು ಪಾಠದ ಮುಖ್ಯ ಕಲಿಕಾಂಶವನ್ನು ಮುಟ್ಟುವುದೇ ಇಲ್ಲ. ಐಪಿ ವಿಳಾಸ 32 ಬಿಟ್‌ಗಳ ಒಂದೇ ಸಂಖ್ಯೆ. ನಾವು ಓದುವ ಅನುಕೂಲಕ್ಕಾಗಿ ಅದನ್ನು ಎಂಟೆಂಟು ಬಿಟ್‌ಗಳ ನಾಲ್ಕು ತುಂಡು ಮಾಡಿ, ನಡುವೆ ಚುಕ್ಕಿ ಇಟ್ಟು ಬರೆಯುತ್ತೇವೆ. ಈ 32 ಬಿಟ್‌ಗಳಲ್ಲಿ ಎಡಭಾಗದ ಕೆಲವು ಜಾಲವನ್ನು ಸೂಚಿಸುತ್ತವೆ, ಉಳಿದವು ಆ ಜಾಲದೊಳಗಿನ ಯಂತ್ರವನ್ನು ಸೂಚಿಸುತ್ತವೆ. ಎಲ್ಲಿಗೆ ಜಾಲದ ಭಾಗ ಮುಗಿಯಿತು ಎಂದು ಗೆರೆ ಎಳೆಯುವುದೇ ಮಾಸ್ಕಿನ ಕೆಲಸ. ಆ ಗೆರೆ ಚುಕ್ಕಿಯ ಜಾಗದಲ್ಲೇ ಬೀಳಬೇಕೆಂದಿಲ್ಲ. ಅಂಚೆಯಣ್ಣನ ಹೋಲಿಕೆಯಲ್ಲಿ ಈ ಗೆರೆಯೇ ಇಲ್ಲ.

ಇದಕ್ಕೆ ನಮ್ಮಲ್ಲೇ ಹತ್ತಿರದ ಉದಾಹರಣೆ ಇದೆ. ಸ್ಥಿರ ದೂರವಾಣಿಯ ಸಂಖ್ಯೆಯನ್ನು ಎಸ್‌ಟಿಡಿ ಕೋಡ್ ಸಮೇತ ಬರೆದು ನೋಡಿ. ಮೊದಲಿನ ಸೊನ್ನೆ ಬಿಟ್ಟರೆ ಒಟ್ಟು ಹತ್ತು ಅಂಕಿ. ಬೆಂಗಳೂರಿನ ಕೋಡ್ 080, ಊರಿನೊಳಗಿನ ಸಂಖ್ಯೆಗೆ ಎಂಟು ಅಂಕಿ. ಮೈಸೂರಿನದು 0821, ಊರಿನೊಳಗಿನ ಸಂಖ್ಯೆಗೆ ಏಳು ಅಂಕಿ. ಶಿವಮೊಗ್ಗದ್ದು 08182, ಊರಿನೊಳಗೆ ಆರೇ ಅಂಕಿ. ಒಟ್ಟು ಉದ್ದ ಬದಲಾಗಲಿಲ್ಲ, ಗೆರೆ ಬಿದ್ದ ಜಾಗ ಬದಲಾಯಿತು. ಕೋಡ್ ಉದ್ದವಾದಷ್ಟೂ ಆ ಊರಿನಲ್ಲಿ ಕೊಡಬಹುದಾದ ಸಂಪರ್ಕಗಳು ಕಡಿಮೆ. ಮಾಸ್ಕಿನ ತತ್ವವೂ ಇದೇ. ಜಾಲಕ್ಕೆ 24 ಬಿಟ್ ಕೊಟ್ಟರೆ ಯಂತ್ರಗಳಿಗೆ 8 ಬಿಟ್ ಉಳಿದು 254 ವಿಳಾಸ ಬಳಕೆಗೆ ಸಿಗುತ್ತವೆ. 23 ಬಿಟ್ ಕೊಟ್ಟರೆ 9 ಬಿಟ್ ಉಳಿದು 510 ಸಿಗುತ್ತವೆ. ಇಂದಿನ ಮಕ್ಕಳ ಮನೆಯಲ್ಲಿ ಸ್ಥಿರ ದೂರವಾಣಿ ಇಲ್ಲದಿರಬಹುದು. ಅಂಗಡಿಗಳ ಹಳೆಯ ಫಲಕ, ಬ್ಯಾಂಕ್ ಪಾಸ್‌ಬುಕ್, ಮದುವೆಯ ಹಳೆಯ ಕರೆಯೋಲೆಗಳಲ್ಲಿ ಈ ಸಂಖ್ಯೆಗಳು ಇನ್ನೂ ಕಾಣುತ್ತವೆ. ಅಂಥ ನಾಲ್ಕಾರನ್ನು ಸಂಗ್ರಹಿಸಿ ತರಲು ಹಿಂದಿನ ದಿನ ಹೇಳಿದರೆ ಅದೇ ಕಲಿಕೋಪಕರಣ.

ಎ, ಬಿ, ಸಿ ವರ್ಗಗಳ ಕೋಷ್ಟಕದ ಬಗ್ಗೆಯೂ ಒಂದು ಮಾತು. ಬಿ ವರ್ಗದ ಒಂದು ಜಾಲದಲ್ಲಿ 65,534 ಯಂತ್ರಗಳು, ಸಿ ವರ್ಗದಲ್ಲಿ 254. ಐನೂರು ಯಂತ್ರಗಳಿರುವ ಸಂಸ್ಥೆಗೆ ಒಂದು ತೀರಾ ದೊಡ್ಡದು, ಇನ್ನೊಂದು ತೀರಾ ಚಿಕ್ಕದು. ವಿಳಾಸಗಳು ಪೋಲಾಗತೊಡಗಿದ್ದರಿಂದ 1993ರಲ್ಲೇ ವರ್ಗರಹಿತ ಪದ್ಧತಿ ಬಂದಿತು. ಅಂದಿನಿಂದ ಗೆರೆಯನ್ನು ಎಲ್ಲಿ ಬೇಕಾದರೂ ಎಳೆಯಬಹುದು. ಆದರೆ ನಮ್ಮ ಪಾಠಯೋಜನೆಗಳಲ್ಲಿ ಕೋಷ್ಟಕ ಇಂದಿಗೂ ಜೀವಂತವಾಗಿರುವ ನಿಯಮದಂತೆ ಬರುತ್ತದೆ. ನನ್ನ ಪ್ರಶ್ನೆಗೆ ತರಗತಿ ಕೊಟ್ಟ ತಪ್ಪು ಉತ್ತರದ ಮೂಲ ಅಲ್ಲಿದೆ. 192ರಿಂದ ಶುರುವಾಗುವ ವಿಳಾಸ ಸಿ ವರ್ಗ, ಸಿ ವರ್ಗವಾದ್ದರಿಂದ ಮೊದಲ ಮೂರು ಸಂಖ್ಯೆ ಜಾಲ, ಆದ್ದರಿಂದ 4 ಮತ್ತು 5 ಬೇರೆ ಜಾಲ. ಮಕ್ಕಳು ಕಲಿಸಿದ್ದನ್ನೇ ಸರಿಯಾಗಿ ಒಪ್ಪಿಸಿದ್ದರು. ಕೋಷ್ಟಕವನ್ನು ಇತಿಹಾಸ ಎಂದು ಹೇಳಿ ಕಲಿಸಿದರೆ ತಕರಾರಿಲ್ಲ.

ಈಗ ಲೆಕ್ಕ. ಮಾಸ್ಕಿನ ಮೂರನೆಯ ಸಂಖ್ಯೆ 254, ದ್ವಿಮಾನದಲ್ಲಿ 11111110. 4 ಎಂದರೆ 00000100, 5 ಎಂದರೆ 00000101. ಮಾಸ್ಕಿನಲ್ಲಿ 1 ಇರುವಲ್ಲಿ ವಿಳಾಸದ ಬಿಟ್ ಉಳಿಸಿಕೊಳ್ಳಿ, 0 ಇರುವಲ್ಲಿ ಅಳಿಸಿ. ಎರಡರಲ್ಲೂ ಉಳಿಯುವುದು 00000100, ಅಂದರೆ 4. ಹಾಗಾಗಿ ಒಂದೇ ಜಾಲ. ಇಷ್ಟಕ್ಕೆ ನಿಲ್ಲಿಸದೆ 3ನ್ನೂ ಕೇಳಬೇಕು. 00000011ರ ಕೊನೆಯ ಬಿಟ್ ಅಳಿಸಿದರೆ ಉಳಿಯುವುದು 2. ಆದ್ದರಿಂದ 192.168.3.20 ಬೇರೆ ಜಾಲ. 4ಕ್ಕೆ 5 ಜೊತೆಯಾಯಿತು, 3 ಜೊತೆಯಾಗಲಿಲ್ಲ. "ಪಕ್ಕದ ಸಂಖ್ಯೆಯಾದರೆ ಒಂದೇ ಜಾಲ" ಎಂದು ಅಡ್ಡದಾರಿ ಹಿಡಿಯುವ ವಿದ್ಯಾರ್ಥಿ ಇಲ್ಲಿ ಎಡವುತ್ತಾನೆ, ಎಡವಿದ ಮೇಲೆ ಲೆಕ್ಕಕ್ಕೆ ಮರಳುತ್ತಾನೆ.

ಆದರೆ ಹಲಗೆಯ ಮೇಲೆ ಎಷ್ಟು ಲೆಕ್ಕ ಮಾಡಿಸಿದರೂ ಅದು ಲೆಕ್ಕವಾಗಿಯೇ ಉಳಿಯುತ್ತದೆ. ಮಾಸ್ಕ್ ತಪ್ಪಾದರೆ ಯಾರೋ ಒಬ್ಬರು ಹೊರಗುಳಿಯುತ್ತಾರೆ, ಅಥವಾ ಬರಬಾರದವರು ಒಳಗೆ ಬರುತ್ತಾರೆ ಎಂಬುದು ಕಂಡಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ. ಅದನ್ನು ಕಾಣಿಸುವ ಸಾಧನವೇ ಪ್ರವೇಶ ನಿಯಂತ್ರಣದ ಎರಡು ಫೈಲ್‌ಗಳು.

ಎರಡು ಫೈಲ್, ಮೂರು ಹೆಜ್ಜೆ

ಇದರ ಹಿಂದಿನ ಕತೆ ತರಗತಿಯಲ್ಲಿ ಹೇಳಲು ಯೋಗ್ಯವಾದದ್ದು. 1990ರಲ್ಲಿ ನೆದರ್‌ಲೆಂಡ್ಸಿನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದ ಯುನಿಕ್ಸ್ ಯಂತ್ರಗಳಿಗೆ ಒಬ್ಬ ನುಸುಳುಕೋರ ಮತ್ತೆ ಮತ್ತೆ ನುಗ್ಗಿ ಫೈಲ್‌ಗಳನ್ನು ಅಳಿಸಿಹಾಕುತ್ತಿದ್ದ. ಯಂತ್ರದಲ್ಲಿ ಈಗ ಯಾರಿದ್ದಾರೆ ಎಂದು ತಿಳಿಸುವ 'ಫಿಂಗರ್' ಎಂಬ ಸೇವೆಯನ್ನು ಅವನು ದೂರದಿಂದಲೇ ಬಳಸಿ, ಯಾರಾದರೂ ತನ್ನನ್ನು ಗಮನಿಸುತ್ತಿದ್ದಾರೆಯೇ ಎಂದು ನೋಡಿಕೊಳ್ಳುತ್ತಿದ್ದ. ಆ ಸೇವೆ ಕೇಳಿದವರ ಗುರುತನ್ನು ಎಲ್ಲೂ ದಾಖಲಿಸುತ್ತಿರಲಿಲ್ಲ. ಅಲ್ಲಿದ್ದ ವೀತ್ಸೆ ವೆನೆಮಾ ಒಂದು ಪುಟ್ಟ ಪ್ರೋಗ್ರಾಂ ಬರೆದರು. ಅದು ಮೂಲ ಸೇವೆಯ ಜಾಗದಲ್ಲಿ ಕೂತು, ಬಂದವರು ಯಾವ ಯಂತ್ರದಿಂದ ಬಂದರು ಎಂದು ಬರೆದಿಟ್ಟುಕೊಂಡು, ಆಮೇಲೆ ಮೂಲ ಸೇವೆಯನ್ನು ಕರೆಯುತ್ತಿತ್ತು. ಮೂಲ ಪ್ರೋಗ್ರಾಂಗಳಲ್ಲಿ ಒಂದು ಸಾಲನ್ನೂ ಬದಲಿಸಬೇಕಾಗಲಿಲ್ಲ. ಬಂದವರನ್ನು ತಡೆಯುವ ಸೌಲಭ್ಯ ಆಮೇಲೆ ಸೇರಿತು. ಇದೇ ಟಿಸಿಪಿ ರ‍್ಯಾಪರ್. 1992ರಲ್ಲಿ ವೆನೆಮಾ ಇದನ್ನು ಕುರಿತು ಪ್ರಬಂಧ ಮಂಡಿಸಿದರು. ಮೊದಲು ಬಂದವರನ್ನು ಗಮನಿಸಿದ್ದು, ಬಾಗಿಲು ಹಾಕಿದ್ದು ಅನಂತರ ಎಂಬುದನ್ನು ಪಾಠದಲ್ಲೂ ಅನುಸರಿಸಬಹುದು.

ಇದರ ನಿಯಮಗಳು 'ಇಟಿಸಿ' ಫೋಲ್ಡರಿನ ಎರಡು ಫೈಲ್‌ಗಳಲ್ಲಿರುತ್ತವೆ: ಹೋಸ್ಟ್ಸ್.ಅಲೋ ಮತ್ತು ಹೋಸ್ಟ್ಸ್.ಡಿನೈ. ಒಂದೊಂದು ಸಾಲಿನಲ್ಲೂ ಎಡಕ್ಕೆ ಸೇವೆಯ ಹೆಸರು, ಒಂದು ವಿವರಣ ಚಿಹ್ನೆ, ಬಲಕ್ಕೆ ವಿಳಾಸ. ಉದಾಹರಣೆಗೆ, 'ಎಸ್‌ಎಸ್‌ಎಚ್‌ಡಿ: 192.168.4.0/255.255.254.0'. (ಯಂತ್ರದಲ್ಲಿ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.) ಯಾರಾದರೂ ಸಂಪರ್ಕ ಕೋರಿದಾಗ ಮೂರು ಹೆಜ್ಜೆ ನಡೆಯುತ್ತದೆ. ಒಂದು, ಅಲೋ ಫೈಲಿನಲ್ಲಿ ಹೊಂದುವ ಸಾಲಿದ್ದರೆ ಪ್ರವೇಶ, ಹುಡುಕಾಟ ಅಲ್ಲಿಗೆ ಮುಗಿಯಿತು. ಎರಡು, ಇಲ್ಲದಿದ್ದರೆ ಡಿನೈ ಫೈಲಿನಲ್ಲಿ ಹೊಂದುವ ಸಾಲಿದ್ದರೆ ನಿರಾಕರಣೆ. ಮೂರು, ಎರಡರಲ್ಲೂ ಇಲ್ಲದಿದ್ದರೆ ಪ್ರವೇಶ.

ಮೂರನೆಯ ಹೆಜ್ಜೆಯೇ ಪಾಠದ ತಿರುಳು. ಅಲೋ ಫೈಲಿನಲ್ಲಿ ನಮ್ಮ ಲ್ಯಾಬಿನ ವಿಳಾಸ ಬರೆದು ಡಿನೈ ಫೈಲನ್ನು ಖಾಲಿ ಬಿಟ್ಟರೆ ಏನಾಗುತ್ತದೆ ಎಂದು ಕೇಳಿ ನೋಡಿ. "ನಮ್ಮ ಲ್ಯಾಬಿನವರು ಮಾತ್ರ ಬರಬಹುದು" ಎಂದೇ ಹೆಚ್ಚಿನವರು ಹೇಳುತ್ತಾರೆ. ವಾಸ್ತವದಲ್ಲಿ ಎಲ್ಲರೂ ಬರಬಹುದು. ಮದುವೆಗೆ ಕರೆಯಬೇಕಾದವರ ಪಟ್ಟಿ ಮಾಡಿ, ಛತ್ರದ ಬಾಗಿಲಲ್ಲಿ ಯಾರನ್ನೂ ನಿಲ್ಲಿಸದಿದ್ದರೆ ಪಟ್ಟಿಯಲ್ಲಿಲ್ಲದವರೂ ಊಟಕ್ಕೆ ಕೂರಬಹುದಲ್ಲವೇ, ಹಾಗೆ. ಉಳಿದವರನ್ನು ತಡೆಯಲು ಡಿನೈ ಫೈಲಿನಲ್ಲಿ 'ಆಲ್: ಆಲ್' ಎಂದು ಬರೆಯಬೇಕು, ಅಂದರೆ ಎಲ್ಲ ಸೇವೆಗೂ ಎಲ್ಲರಿಗೂ ನಿರಾಕರಣೆ. ಏನನ್ನೂ ಹೇಳದಿದ್ದಾಗ ಯಂತ್ರ ಏನು ಮಾಡುತ್ತದೆ ಎಂದು ಕೇಳುವ ಅಭ್ಯಾಸ ವಿದ್ಯಾರ್ಥಿಗೆ ಬಂದರೆ, ಈ ಪಾಠದಿಂದ ಬರಬೇಕಾದ ದೊಡ್ಡ ಲಾಭ ಬಂದಂತೆ.

ನಾನು ಅಂಕ ಕಳೆದ ಪಾಠ

ಇದನ್ನು ನಾನು ಯಾವುದೇ ಪುಸ್ತಕದಿಂದ ಕಲಿಯಲಿಲ್ಲ. ಒಬ್ಬ ಪ್ರಶಿಕ್ಷಣಾರ್ಥಿಯ ಪಾಠ ಹಾಳಾದ ದಿನ ಕಲಿತೆ, ಅದೂ ತಡವಾಗಿ.

ಅವರು ಪದವಿಪೂರ್ವ ತರಗತಿಯನ್ನು ಲ್ಯಾಬಿಗೆ ಕರೆದುಕೊಂಡು ಹೋಗಿದ್ದರು. ಮೂಲೆಯಲ್ಲಿದ್ದ ಒಂದು ಲಿನಕ್ಸ್ ಯಂತ್ರವನ್ನು ಸರ್ವರ್ ಮಾಡಿ, ತಮ್ಮ ಮೇಜಿನಿಂದಲೇ ಅದಕ್ಕೆ ಎಸ್‌ಎಸ್‌ಎಚ್ ಮೂಲಕ ಸಂಪರ್ಕಿಸಿ ಡಿನೈ ಫೈಲಿನಲ್ಲಿ 'ಆಲ್: ಆಲ್' ಬರೆದರು. ಆಗಲೇ ತೆರೆದಿದ್ದ ಅವರ ಸಂಪರ್ಕಕ್ಕೆ ಏನೂ ಆಗಲಿಲ್ಲ, ಏಕೆಂದರೆ ತಪಾಸಣೆ ನಡೆಯುವುದು ಹೊಸ ಸಂಪರ್ಕ ಬಂದಾಗ ಮಾತ್ರ. ವಿದ್ಯಾರ್ಥಿಗಳು ತಮ್ಮ ಯಂತ್ರಗಳಿಂದ ಪ್ರಯತ್ನಿಸಿದರು, ಎಲ್ಲರಿಗೂ ನಿರಾಕರಣೆ. "ನನಗೂ ಹಾಗೇ ಆಗುತ್ತದೆ ನೋಡಿ" ಎಂದು ಅವರು ತಮ್ಮ ಸಂಪರ್ಕ ಮುಚ್ಚಿ ಮತ್ತೆ ಪ್ರಯತ್ನಿಸಿದರು. ಆಯಿತು. ಆಗ ಅವರಿಗೆ ಹೊಳೆದದ್ದು, ಅಲೋ ಫೈಲಿನಲ್ಲಿ ತಮ್ಮ ವಿಳಾಸವನ್ನೂ ಬರೆದಿರಲಿಲ್ಲ ಎಂದು. ಒಳಗೆ ಹೋಗಿ ಸರಿಪಡಿಸಲು ದಾರಿಯೇ ಇರಲಿಲ್ಲ. ಹತ್ತು ನಿಮಿಷ ಏನೇನೋ ಮಾಡಿದರು. ಮಕ್ಕಳು ಎದ್ದು ಬಂದು ಮೇಜಿನ ಸುತ್ತ ಗುಂಪುಗೂಡಿದರು. ಕೊನೆಗೆ ಹಿಂದಿನ ಸಾಲಿನ ಒಬ್ಬ ಹುಡುಗಿ ಕೇಳಿದಳು: "ಮೇಡಂ, ಆ ಕಂಪ್ಯೂಟರಿನ ಹತ್ತಿರವೇ ಹೋಗಿ ಅದರ ಕೀಬೋರ್ಡಿನಲ್ಲಿ ಟೈಪ್ ಮಾಡಿದರೆ ಆಗುವುದಿಲ್ಲವೇ?" ಆಯಿತು. ಆಗ ಇನ್ನೊಬ್ಬ: "ಹಾಗಾದರೆ ಎದುರಿಗೆ ಕೂತವರಿಗೆ ಈ ನಿಯಮ ಇಲ್ಲವೇ?" ಅಷ್ಟರಲ್ಲಿ ಗಂಟೆ ಹೊಡೆಯಿತು.

ನಾನು ವೀಕ್ಷಣಾ ನಮೂನೆಯಲ್ಲಿ ಬರೆದದ್ದು: "ಪೂರ್ವಸಿದ್ಧತೆ ಸಾಲದು. ಸಮಯಪಾಲನೆ ಇಲ್ಲ. ತರಗತಿ ನಿರ್ವಹಣೆ ಸುಧಾರಿಸಬೇಕು." ಮೂರೂ ಮಾತು ನಿಜವೇ. ಆದರೆ ವಿದ್ಯಾರ್ಥಿಗಳು ಸ್ವಂತವಾಗಿ ಕೇಳಿದ ಆ ಎರಡು ಪ್ರಶ್ನೆಗಳನ್ನು ಬರೆಯಲು ನಮೂನೆಯಲ್ಲಿ ಅಂಕಣ ಇರಲಿಲ್ಲ, ನಾನೂ ಅಂಚಿನಲ್ಲಿ ಬರೆಯಲಿಲ್ಲ. ದೂರದಿಂದ ಬರುವ ಸಂಪರ್ಕಕ್ಕೆ ಒಂದು ನಿಯಮ, ಯಂತ್ರದ ಮುಂದೆ ಕೂತವರಿಗೆ ಇನ್ನೊಂದು ಎಂಬ ಭೇದವನ್ನು ಆ ತರಗತಿ ತಾನಾಗಿ ಕಂಡುಕೊಂಡಿತ್ತು. ಅಂಥದ್ದು ನಾನು ಪೂರ್ಣ ಅಂಕ ಕೊಟ್ಟ ಎಷ್ಟೋ ಪಾಠಗಳಲ್ಲಿ ನಡೆದಿರಲಿಲ್ಲ.

ಮುಂದಿನ ಪಾಠಕ್ಕೆ ಆ ಪ್ರಶಿಕ್ಷಣಾರ್ಥಿ ಲ್ಯಾಬಿನ ಕಡೆ ಸುಳಿಯಲಿಲ್ಲ. ಪರದೆಯ ಮೇಲೆ ಸ್ಲೈಡ್ ತೋರಿಸಿದರು. ಕಮಾಂಡ್ ಕೊಟ್ಟರೆ ಏನು ಬರುತ್ತದೆ ಎಂಬುದರ ಚಿತ್ರವನ್ನು ಮೊದಲೇ ತೆಗೆದಿಟ್ಟುಕೊಂಡಿದ್ದರು. ಪಾಠ ಸರಾಗವಾಗಿ ನಡೆಯಿತು, ನಾನು ಒಳ್ಳೆಯ ಅಂಕ ಕೊಟ್ಟೆ. ಒಬ್ಬ ಶಿಕ್ಷಕಿಗೆ ನಿಜವಾದ ಯಂತ್ರವನ್ನು ಬಿಟ್ಟು ಅದರ ಚಿತ್ರವನ್ನು ತೋರಿಸುವುದೇ ಕ್ಷೇಮ ಎಂದು ಕಲಿಸಿದ್ದು ನಾನು.

ಒಂದೇ ಯಂತ್ರ ಸಾಕು

"ನಮ್ಮ ಅಭ್ಯಾಸ ಶಾಲೆಯಲ್ಲಿ ಇಷ್ಟೆಲ್ಲ ಯಂತ್ರ ಎಲ್ಲಿದೆ?" ಎಂಬ ಪ್ರಶ್ನೆ ಸಹಜ. ಇದಕ್ಕೆ ಸರ್ವರೂ ಬೇಡ, ಜಾಲವೂ ಬೇಡ. ಎಸ್‌ಎಸ್‌ಎಚ್ ಸರ್ವರ್ ತಂತ್ರಾಂಶ ಹಾಕಿರುವ ಒಂದೇ ಲಿನಕ್ಸ್ ಯಂತ್ರ ಸಾಕು.

127ರಿಂದ ಶುರುವಾಗುವ ವಿಳಾಸಗಳು ಯಂತ್ರ ತನ್ನೊಂದಿಗೆ ತಾನೇ ಮಾತಾಡಲು ಮೀಸಲು. ಲಿನಕ್ಸ್‌ನಲ್ಲಿ 127.0.0.1 ಒಂದೇ ಅಲ್ಲ, ಆ ಇಡೀ ಶ್ರೇಣಿ ಸ್ವಂತ ಯಂತ್ರದ್ದೇ. ಎಸ್‌ಎಸ್‌ಎಚ್ ಕಮಾಂಡಿಗೆ ಒಂದು ಅಡ್ಡಗೆರೆ ಹಾಕಿ ಸಣ್ಣ 'ಬಿ' ಅಕ್ಷರ ಬರೆದು ಒಂದು ವಿಳಾಸ ಕೊಟ್ಟರೆ, ಸಂಪರ್ಕ ಆ ವಿಳಾಸದಿಂದ ಹೊರಟಂತೆ ಹೋಗುತ್ತದೆ. ಹಾಗಾಗಿ ಒಂದೇ ಯಂತ್ರದಲ್ಲಿ ಬೇರೆ ಬೇರೆ 'ಅತಿಥಿ'ಗಳಾಗಿ ಬಾಗಿಲು ತಟ್ಟಬಹುದು. ನನ್ನ ಸಲಹೆಯ ಪಾಠಕ್ರಮ ಹೀಗಿದೆ.

ಅಲೋ ಫೈಲಿನಲ್ಲಿ 'ಎಸ್‌ಎಸ್‌ಎಚ್‌ಡಿ: 127.0.4.0/255.255.254.0' ಎಂದು ಬರೆಯಿರಿ. ಡಿನೈ ಫೈಲನ್ನು ಸದ್ಯಕ್ಕೆ ಖಾಲಿ ಬಿಡಿ. ವಿದ್ಯಾರ್ಥಿಗಳು ಪುಸ್ತಕದಲ್ಲಿ ಮೂರು ವಿಳಾಸ ಬರೆದುಕೊಳ್ಳಲಿ: 127.0.4.20, 127.0.5.20, 127.0.3.20. ಪ್ರತಿಯೊಂದರ ಮುಂದೆ 'ಪ್ರವೇಶ' ಅಥವಾ 'ನಿರಾಕರಣೆ' ಎಂದು ಊಹೆ ಬರೆಯಲಿ. ಊಹೆ ಬರೆಯುವವರೆಗೆ ಯಾರೂ ಕೀಬೋರ್ಡ್ ಮುಟ್ಟುವಂತಿಲ್ಲ. ಆಮೇಲೆ ಮೂರೂ ವಿಳಾಸಗಳಿಂದ 127.0.0.1ಕ್ಕೆ ಸಂಪರ್ಕಿಸಿ. ಮೂರಕ್ಕೂ ಪ್ರವೇಶ ಸಿಗುತ್ತದೆ. ಊಹೆ ತಪ್ಪಿದವರು ಕಾರಣ ಹುಡುಕಲಿ. ಮೂರನೆಯ ಹೆಜ್ಜೆಯನ್ನು ನೀವು ಹೇಳಬೇಡಿ, ಅವರೇ ಹೇಳಲಿ.

ಅನಂತರ ಡಿನೈ ಫೈಲಿನಲ್ಲಿ 'ಎಸ್‌ಎಸ್‌ಎಚ್‌ಡಿ: ಆಲ್' ಸೇರಿಸಿ. ಯಾವುದನ್ನೂ ಮರುಪ್ರಾರಂಭಿಸಬೇಕಿಲ್ಲ, ಮುಂದಿನ ಸಂಪರ್ಕಕ್ಕೇ ನಿಯಮ ಅನ್ವಯವಾಗುತ್ತದೆ. ಮತ್ತೆ ಊಹೆ, ಮತ್ತೆ ಪರೀಕ್ಷೆ. ಈಗ 4.20 ಮತ್ತು 5.20ಕ್ಕೆ ಪಾಸ್‌ವರ್ಡ್ ಕೇಳುತ್ತದೆ. 3.20ಕ್ಕೆ ಪಾಸ್‌ವರ್ಡ್ ಕೇಳುವ ಮೊದಲೇ ಸಂಪರ್ಕ ಕಡಿದುಹೋಗುತ್ತದೆ. ಹಲಗೆಯ ಮೇಲೆ ಮಾಡಿದ ಲೆಕ್ಕಕ್ಕೆ ಯಂತ್ರವೇ ಸಾಕ್ಷಿ ಹೇಳಿತು. ಕೊನೆಯ ಸುತ್ತಿನಲ್ಲಿ ಮಾಸ್ಕನ್ನು 255.255.255.0 ಮಾಡಿ, ಯಾರು ಹೊರಗೆ ಹೋಗುತ್ತಾರೆ ಎಂದು ಕೇಳಿ. 5.20 ಎಂದು ಲೆಕ್ಕವಿಲ್ಲದೆ ಹೇಳುವವರು ಈ ಹೊತ್ತಿಗೆ ಹಲವರಿರುತ್ತಾರೆ. ಅಷ್ಟಾದ ಮೇಲೆ ಯಂತ್ರದ ದಾಖಲೆ ಫೈಲನ್ನು ತೆರೆದು ತೋರಿಸಿ. ನಿರಾಕರಿಸಿದ ವಿಳಾಸ ಅಲ್ಲಿ ಬರೆದಿರುತ್ತದೆ. ವೆನೆಮಾ ಮೊದಲು ಬಯಸಿದ್ದು ಆ ಒಂದು ಸಾಲನ್ನೇ.

ಈ ಚಟುವಟಿಕೆಯಲ್ಲಿ ಒಂದು ವಿಚಿತ್ರ ಇದೆ. ಚುರುಕಾದ ತರಗತಿಯಾದರೆ ಅದನ್ನು ಯಾರಾದರೂ ಎತ್ತುತ್ತಾರೆ, ಎತ್ತದಿದ್ದರೆ ನೀವೇ ಕೇಳಿ. ಒಂದೇ ಯಂತ್ರ, ಒಬ್ಬನೇ ವಿದ್ಯಾರ್ಥಿ, ಮೂರು ವಿಳಾಸ. ಹಾಗಾದರೆ ವಿಳಾಸ ನೋಡಿ ಮನುಷ್ಯನನ್ನು ಗುರುತಿಸಬಹುದೇ? ಗುರುತಿಸಲಾಗದು. ಲ್ಯಾಬಿನಲ್ಲೂ ಯಂತ್ರದ ವಿಳಾಸವನ್ನು ಸೆಟ್ಟಿಂಗ್ಸ್‌ಗೆ ಹೋಗಿ ಬದಲಿಸಬಹುದು. ಹಳೆಯ ಯುನಿಕ್ಸ್‌ನಲ್ಲಿ 'ಈ ವಿಳಾಸದಿಂದ ಬಂದವರು ನಂಬಿಕಸ್ಥರು, ಪಾಸ್‌ವರ್ಡ್ ಕೇಳಬೇಡ' ಎಂದು ಬರೆದಿಡುವ ರೂಢಿ ಇತ್ತು. 1994ರ ಡಿಸೆಂಬರ್ 25ರಂದು ಅಮೆರಿಕದ ಭದ್ರತಾ ತಜ್ಞ ತ್ಸುತೊಮು ಶಿಮೊಮುರಾ ಅವರ ಯಂತ್ರಗಳ ಮೇಲೆ ನಡೆದ ದಾಳಿ ಈ ನಂಬಿಕೆಯನ್ನೇ ಬಳಸಿಕೊಂಡಿತು. ನಂಬಿಕಸ್ಥ ಯಂತ್ರದ ವಿಳಾಸವನ್ನು ಸುಳ್ಳಾಗಿ ಹಾಕಿಕೊಂಡು ಬಂದ ಸಂದೇಶವನ್ನು ಯಂತ್ರ ಒಪ್ಪಿಕೊಂಡಿತು. ಆದ್ದರಿಂದ ವಿಳಾಸದ ನಿಯಮ ಮೊದಲ ಬಾಗಿಲು ಮಾತ್ರ, ಒಳಗೆ ಪಾಸ್‌ವರ್ಡ್ ಅಥವಾ ಕೀಲಿಯ ಇನ್ನೊಂದು ಬಾಗಿಲು ಬೇಕೇ ಬೇಕು. ಅಂಚೆಯಣ್ಣನ ಹೋಲಿಕೆ ಕೊಡುವ ಇನ್ನೊಂದು ತಪ್ಪು ಭಾವನೆ, ವಿಳಾಸವೆಂದರೆ ಸ್ಥಿರವಾದ ಗುರುತು ಎಂಬುದು. ಅದೂ ಇಲ್ಲಿ ಕಳಚಿಬೀಳುತ್ತದೆ.

ಬರಬಹುದಾದ ಆಕ್ಷೇಪಗಳು

"ಇದು ಹಳೆಯ ತಂತ್ರಜ್ಞಾನ" ಎಂಬ ಆಕ್ಷೇಪ ನ್ಯಾಯವಾದದ್ದು. ಓಪನ್‌ಎಸ್‌ಎಸ್‌ಎಚ್ 2014ರಲ್ಲಿ ಟಿಸಿಪಿ ರ‍್ಯಾಪರ್‌ನ ಬೆಂಬಲವನ್ನು ತೆಗೆದುಹಾಕಿತು. 2019ರ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ಅದು ಇಲ್ಲವೇ ಇಲ್ಲ. ಡೆಬಿಯನ್ ಮತ್ತು ಉಬುಂಟು ತಮ್ಮ ಆವೃತ್ತಿಗಳಲ್ಲಿ ಆ ಬೆಂಬಲವನ್ನು ಉಳಿಸಿಕೊಂಡು ಬಂದವು. ಆದ್ದರಿಂದ ಪಾಠದ ಹಿಂದಿನ ದಿನವೇ ನಿಮ್ಮ ಯಂತ್ರದಲ್ಲಿ ಒಂದು ನಿಯಮ ಬರೆದು ಕೆಲಸ ಮಾಡುತ್ತದೆಯೇ ಎಂದು ನೋಡಿಕೊಳ್ಳಿ. ಇಂದು ನಿಜವಾದ ಕಾವಲು ಫೈರ್‌ವಾಲ್‌ನದು, ಅದನ್ನು ವಿದ್ಯಾರ್ಥಿಗಳಿಗೆ ಸ್ಪಷ್ಟವಾಗಿ ಹೇಳಬೇಕು. ಆದರೂ ಆರಂಭಕ್ಕೆ ಈ ಎರಡು ಫೈಲ್‌ಗಳೇ ಒಳ್ಳೆಯವು ಎಂಬುದು ನನ್ನ ನಿಲುವು. ನಿಯಮ ಒಂದೇ ಸಾಲಿನದು, ಕಣ್ಣಿಗೆ ಕಾಣುತ್ತದೆ, ಅಳಿಸಿದರೆ ಹೋಗುತ್ತದೆ. ಮುಂದೆ ಫೈರ್‌ವಾಲ್ ಕಲಿಯುವಾಗ ವಿದ್ಯಾರ್ಥಿ ಎದುರಿಸುವ ಪ್ರಶ್ನೆಗಳೂ ಇವೇ: ಯಾವ ನಿಯಮವನ್ನು ಮೊದಲು ನೋಡಲಾಗುತ್ತದೆ, ಯಾವ ವಿಳಾಸಗಳು ಅದಕ್ಕೆ ಹೊಂದುತ್ತವೆ, ಯಾವುದಕ್ಕೂ ಹೊಂದದಿದ್ದರೆ ಏನಾಗುತ್ತದೆ.

"ಮಕ್ಕಳಿಗೆ ಇದನ್ನೆಲ್ಲ ಕಲಿಸಿದರೆ ಲ್ಯಾಬನ್ನೇ ಕೆಡಿಸುತ್ತಾರೆ" ಎನ್ನುವವರೂ ಇದ್ದಾರೆ. ನಿಯಮ ಬರೆಯಲು ಆಡಳಿತಾಧಿಕಾರದ ಪಾಸ್‌ವರ್ಡ್ ಬೇಕು, ಆದ್ದರಿಂದ ಅಭ್ಯಾಸಕ್ಕೆ ಒಂದು ಯಂತ್ರವನ್ನು ಬೇರೆ ಇಡಬೇಕು, ಲ್ಯಾಬ್ ಶಿಕ್ಷಕರ ಒಪ್ಪಿಗೆ ಪಡೆಯಬೇಕು, ಕೊನೆಯಲ್ಲಿ ಎರಡೂ ಫೈಲ್‌ಗಳನ್ನು ಮೊದಲಿನಂತೆ ಮಾಡಬೇಕು. ಇಷ್ಟು ಶಿಸ್ತು ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ನಮಗೆ ರೂಢಿಯಾಗಿದೆ. ಆಮ್ಲದ ಬಾಟಲಿ ಅಪಾಯವೆಂದು ಅಲ್ಲಿ ನಾವು ಆಮ್ಲದ ಚಿತ್ರ ತೋರಿಸಿ ಪಾಠ ಮುಗಿಸುವುದಿಲ್ಲ.

ಯಂತ್ರವೇ ಇಲ್ಲದ ಶಾಲೆಯಲ್ಲಿ? ಕಾರ್ಡ್‌ಗಳ ಮೇಲೆ ವಿಳಾಸ ಬರೆದು ಹಂಚಿ. ಇಬ್ಬರು ವಿದ್ಯಾರ್ಥಿಗಳು ಒಬ್ಬರು ಅಲೋ, ಒಬ್ಬರು ಡಿನೈ ಪಟ್ಟಿ ಹಿಡಿದು ಬಾಗಿಲಲ್ಲಿ ನಿಲ್ಲಲಿ. ಬಂದವರ ಕಾರ್ಡನ್ನು ಮೊದಲು ಅಲೋ, ಆಮೇಲೆ ಡಿನೈ ನೋಡಲಿ. ಎರಡರಲ್ಲೂ ಇಲ್ಲದವರು ಬಂದಾಗ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಆ ಕ್ಷಣಕ್ಕಾಗಿಯೇ ಈ ಆಟ.

ನಮೂನೆಯಲ್ಲಿ ನಾಲ್ಕು ಸಾಲು

ಸಹೋದ್ಯೋಗಿಗಳಲ್ಲಿ ನನ್ನ ವಿನಂತಿ ವೀಕ್ಷಣಾ ನಮೂನೆಯ ಬಗ್ಗೆ. ಇಡೀ ನಮೂನೆಯನ್ನು ಬದಲಿಸಬೇಕೆಂದು ಕೇಳುತ್ತಿಲ್ಲ. ಪ್ರಾಯೋಗಿಕ ಪಾಠಗಳಿಗೆ ನಾಲ್ಕು ಸಾಲು ಸೇರಿಸೋಣ. ಕಮಾಂಡ್ ಕೊಡುವ ಮೊದಲು ವಿದ್ಯಾರ್ಥಿಗಳು ಊಹೆಯನ್ನು ಬರೆದರೇ? ಫಲಿತಾಂಶ ಊಹೆಗೆ ವಿರುದ್ಧವಾದಾಗ ಕಾರಣ ಹುಡುಕಲು ಅವರಿಗೆ ಸಮಯ ಸಿಕ್ಕಿತೇ? ಪಾಠಯೋಜನೆಯಲ್ಲಿಲ್ಲದ ಯಾವ ಪ್ರಶ್ನೆಯನ್ನು ವಿದ್ಯಾರ್ಥಿಗಳು ಕೇಳಿದರು? ಯಂತ್ರ ಕೈಕೊಟ್ಟಾಗ ಪ್ರಶಿಕ್ಷಣಾರ್ಥಿ ಅದನ್ನು ಮುಚ್ಚಿಟ್ಟರೇ, ತರಗತಿಯೊಂದಿಗೆ ಹಂಚಿಕೊಂಡರೇ? ಅಣುಬೋಧನೆಯ ಹಂತದಲ್ಲೇ ಒಮ್ಮೆ ಬೇಕೆಂದೇ ತಪ್ಪು ನಿಯಮ ಬರೆಸಿ, ಅದರಿಂದ ಹೊರಬರುವುದನ್ನು ಅಭ್ಯಾಸ ಮಾಡಿಸಬೇಕು. ತನ್ನನ್ನು ತಾನೇ ಹೊರಗೆ ಹಾಕಿಕೊಂಡವರಿಗೆ, ಮುಂದಿನ ಸಲ ಒಂದು ಸಂಪರ್ಕವನ್ನು ತೆರೆದಿಟ್ಟುಕೊಂಡೇ ನಿಯಮ ಬದಲಿಸಬೇಕು ಎಂಬುದು ಎಂದೂ ಮರೆಯುವುದಿಲ್ಲ.

ಪ್ರಶಿಕ್ಷಣಾರ್ಥಿಗಳಿಗೆ ಹೇಳುವುದು: ಸಿದ್ಧತೆ ಬೇಡ ಎಂದು ನಾನು ಹೇಳುತ್ತಿಲ್ಲ. ಪಾಠಕ್ಕೆ ಮುಂಚೆ ಆ ಮೂರು ವಿಳಾಸಗಳನ್ನು ನೀವೇ ಎರಡು ಸಲ ಪರೀಕ್ಷಿಸಿಕೊಳ್ಳಿ. ಅಷ್ಟಾದರೂ ತರಗತಿಯಲ್ಲಿ ಏನಾದರೂ ಕೆಟ್ಟರೆ ಗಾಬರಿಯಾಗದೆ "ಈಗ ಏನಾಗಿರಬಹುದು?" ಎಂದು ಮಕ್ಕಳನ್ನು ಕೇಳಿ. ಹಿಂದಿನ ಸಾಲಿನಿಂದ ಉತ್ತರ ಬಂದರೂ ಬರಬಹುದು.

ಮುಂದಿನ ಬೋಧನಾಭ್ಯಾಸದ ಅವಧಿಯಲ್ಲಿ ನಾನು ವೀಕ್ಷಿಸುವ ಪ್ರತಿ ನೆಟ್‌ವರ್ಕ್ ಪಾಠದ ಕೊನೆಯಲ್ಲೂ 4.20 ಮತ್ತು 5.20ರ ಪ್ರಶ್ನೆಯನ್ನು ಕೇಳುವವನಿದ್ದೇನೆ. ಇದನ್ನು ಈಗಲೇ ಹೇಳಿರುವುದರಿಂದ ಪ್ರಶ್ನೆ ಬಯಲಾಯಿತು ಎಂದು ಯಾರೂ ಚಿಂತಿಸಬೇಕಿಲ್ಲ. "ಒಂದೇ ಜಾಲ" ಎಂಬ ಉತ್ತರ ಬಂದರೆ ನಾನು ಮಾಸ್ಕನ್ನು ಬದಲಿಸಿ ಮತ್ತೆ ಕೇಳುತ್ತೇನೆ. ಆಗ ತರಗತಿ ನನ್ನ ಮುಖ ನೋಡುವ ಬದಲು ಪುಸ್ತಕದಲ್ಲಿ ಲೆಕ್ಕ ಹಾಕತೊಡಗಿದರೆ, ಆ ಪಾಠ ಗಂಟೆ ಹೊಡೆದ ಮೇಲೆ ಐದು ನಿಮಿಷ ಹೆಚ್ಚು ಹಿಡಿದರೂ ಅಂಕ ಕಳೆಯುವುದಿಲ್ಲ.